ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಮೋಟಾರ್ ಸೈಕಲ್ಲಿನ ಸದ್ದೂ ವರ್ತಕರ ವೆಚ್ಚವೂ

ಚಾಮರಾಜನಗರ ಜಿಲ್ಲೆಯ ಗ್ರಾಮೀಣ ವ್ಯಾಪಾರವು ಬಹುಮಟ್ಟಿಗೆ ಎರಡು ಚಕ್ರಗಳ ಮೇಲೆ ನಡೆಯುತ್ತಿದೆ ಎಂದರೆ ಅತಿಶಯೋಕ್ತಿಯಾಗಲಾರದು. ಚಾಮರಾಜನಗರ ತಾಲ್ಲೂಕಿನ ಕುದೇರಿನಲ್ಲಿ ಜಿಲ್ಲಾ ಹಾಲು ಒಕ್ಕೂಟದ ಡೇರಿ ಇದೆ. ಸುತ್ತಲಿನ ಹಳ್ಳಿಗಳಲ್ಲಿ ಹಾಲಿನ ಕ್ಯಾನುಗಳನ್ನು ಎರಡೂ ಬದಿಗೆ ತೂಗುಹಾಕಿಕೊಂಡು ಸಂಘದ ಕಡೆಗೆ ಸಾಗುವುದು ಮೋಟಾರ್ ಸೈಕಲ್ಲು. ರೇಷ್ಮೆಗೂಡಿನ ಚೀಲಗಳು ಮಾರುಕಟ್ಟೆಗೆ ಬರುವುದೂ, ಗುಂಡ್ಲುಪೇಟೆ, ತೆರಕಣಾಂಬಿ ಕಡೆಯ ತರಕಾರಿ ಅಂಗಡಿಗೆ ತಲುಪುವುದೂ, ಬಟ್ಟೆ ಪಾತ್ರೆಗಳ ವ್ಯಾಪಾರಿ ಸಂತೆಯಿಂದ ಸಂತೆಗೆ ತಿರುಗುವುದೂ ಅದರ ಮೇಲೆಯೇ. ಅಂಗಡಿಯವನಿಗೆ ತಕ್ಕಡಿ ಎಷ್ಟು ಮುಖ್ಯವೋ ಇಂತಹ ವ್ಯಾಪಾರಿಗೆ ಮೋಟಾರ್ ಸೈಕಲ್ಲು ಅಷ್ಟೇ ಮುಖ್ಯ. ಅದು ಸವಾರಿಯ ವಾಹನವಷ್ಟೇ ಅಲ್ಲ, ದುಡಿಯುವ ಬಂಡವಾಳ.

ಈ ಬಂಡವಾಳವು ಕೆಡುವ ಮುನ್ನ ಸಾಮಾನ್ಯವಾಗಿ ಸೂಚನೆ ಕೊಡುತ್ತದೆ. ಆ ಸೂಚನೆಯೇ ಸದ್ದು. ಆದರೆ ಸದ್ದು ಕೇಳಿಬಂದಾಗ ಹೆಚ್ಚಿನವರು ಮಾಡುವುದು ಎರಡರಲ್ಲೊಂದು: ಒಂದೋ, ಓಡುವಷ್ಟು ದಿನ ಓಡಲಿ ಎಂದು ಬಿಟ್ಟುಬಿಡುವುದು, ಇಲ್ಲವೇ, ಗ್ಯಾರೇಜಿನಲ್ಲಿ ಗಾಡಿ ನಿಲ್ಲಿಸಿ ‘ಏನೋ ಸದ್ದು ಬರ್ತಿದೆ, ನೋಡಿ’ ಎಂದಷ್ಟೇ ಹೇಳಿ ಹೊರಟುಬಿಡುವುದು. ಮೊದಲನೆಯದರಿಂದ ಸಣ್ಣ ದೋಷ ದೊಡ್ಡದಾಗುತ್ತದೆ. ಎರಡನೆಯದರಿಂದ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುವ ಸಂಭವವಿದೆ. ಸದ್ದನ್ನು ಸರಿಯಾಗಿ ಗುರುತಿಸುವುದು ಮೇಸ್ತ್ರಿಯೊಬ್ಬನ ಕೆಲಸವೆಂದು ಭಾವಿಸದೆ, ಮಾಲೀಕನೂ ಅದರ ಮೂಲಪಾಠವನ್ನು ತಿಳಿದಿರುವುದು ವ್ಯಾಪಾರದ ಹಿತದೃಷ್ಟಿಯಿಂದ ಅವಶ್ಯ.

ಜಾವಾ ಕಾಲದ ಕಿವಿ

1997ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಚಾಮರಾಜನಗರವು ಮೈಸೂರು ಜಿಲ್ಲೆಯ ಭಾಗವಾಗಿತ್ತು. ಆ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಮೋಟಾರ್ ಸೈಕಲ್ಲುಗಳನ್ನು ತಯಾರಿಸಿತು. ಜೆಕೊಸ್ಲೊವಾಕಿಯಾದ ಜಾವಾ ವಿನ್ಯಾಸದ ಈ ವಾಹನಗಳು 1973ರ ನಂತರ ಯೆಜ್ಡಿ ಎಂಬ ಹೆಸರಿನಲ್ಲಿ ಮಾರಾಟವಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು, ಕಿಕ್ಕರ್ ಹಾಗೂ ಗೇರ್ ಎರಡಕ್ಕೂ ಒಂದೇ ಲಿವರು, ಗೇರ್ ಲಿವರನ್ನು ಒತ್ತಿದಾಗ ತಾನಾಗಿ ಬಿಟ್ಟುಕೊಳ್ಳುವ ಕ್ಲಚ್ಚು, ಇವು ಅದರ ವಿಶೇಷಗಳು. ಈ ಭಾಗದ ಹಳೆಯ ಮೇಸ್ತ್ರಿಗಳ ಪೈಕಿ ಅನೇಕರು ಕೆಲಸ ಕಲಿತದ್ದು ಇವುಗಳ ಮೇಲೆಯೇ.

ಜಾವಾ ಮತ್ತು ಯೆಜ್ಡಿ ಟೂ ಸ್ಟ್ರೋಕ್ ವಾಹನಗಳು. ಟೂ ಸ್ಟ್ರೋಕ್ ಎಂಜಿನ್ನಿನ ತಲೆಯಲ್ಲಿ ವಾಲ್ವ್ ಇಲ್ಲ, ಟ್ಯಾಪೆಟ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಆದ್ದರಿಂದ ಒಳಗಿನಿಂದ ಲೋಹದ ಸದ್ದು ಬಂದರೆ ಅದು ಪಿಸ್ಟನ್, ಕನೆಕ್ಟಿಂಗ್ ರಾಡ್ ಅಥವಾ ಕ್ರ್ಯಾಂಕಿನದೇ ಆಗಿರುವ ಸಂಭವ ಹೆಚ್ಚು. ಅಂದರೆ ಎಂಜಿನ್ ಬಿಚ್ಚಲೇಬೇಕಾದ ಸದ್ದು. 1990ರ ದಶಕದಿಂದೀಚೆಗೆ ಫೋರ್ ಸ್ಟ್ರೋಕ್ ವಾಹನಗಳು ಹಳ್ಳಿಗಳನ್ನು ತುಂಬಿದಾಗ ಪರಿಸ್ಥಿತಿ ಬದಲಾಯಿತು. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಸದ್ದು ಮಾಡಬಲ್ಲ ಭಾಗಗಳು ಹೆಚ್ಚು. ಅವುಗಳಲ್ಲಿ ಬಹಳಷ್ಟು ಎಂಜಿನ್ ಇಳಿಸದೆಯೇ ಸರಿಪಡಿಸಬಹುದಾದವು. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಜಾರಿಯಾಗಿ ಬಹುತೇಕ ಬೈಕುಗಳಿಗೆ ಕಾರ್ಬುರೇಟರಿನ ಬದಲು ಫ್ಯುಯಲ್ ಇಂಜೆಕ್ಷನ್ ಬಂದಿದೆ. ಮೀಟರಿನಲ್ಲಿ ದೋಷ ಸೂಚಿಸುವ ದೀಪವೂ ಇದೆ. ಆದರೆ ಆ ದೀಪ ಹೇಳುವುದು ಇಂಧನ ಮತ್ತು ವಿದ್ಯುತ್ ವ್ಯವಸ್ಥೆಯ ಸಂಗತಿಗಳನ್ನು. ಸಡಿಲವಾದ ಟ್ಯಾಪೆಟ್ಟನ್ನಾಗಲೀ, ಸವೆದ ಕ್ಲಚ್ ಪ್ಲೇಟನ್ನಾಗಲೀ ಅದು ಹೇಳುವುದಿಲ್ಲ. ಅದಕ್ಕೆ ಇಂದಿಗೂ ಕಿವಿಯೇ ಬೇಕು.

ಮೂರು ಪ್ರಶ್ನೆಗಳು

ಲೆಕ್ಕಪತ್ರದಲ್ಲಿ ವ್ಯತ್ಯಾಸ ಕಂಡುಬಂದರೆ ಯಾರೂ ಇಡೀ ಪುಸ್ತಕವನ್ನು ಹರಿದು ಹೊಸದಾಗಿ ಬರೆಯುವುದಿಲ್ಲ. ಯಾವ ದಿನದಿಂದ, ಯಾವ ಖಾತೆಯಲ್ಲಿ, ಎಷ್ಟು ಎಂದು ಹಿಂದಕ್ಕೆ ಹೋಗಿ ಹುಡುಕುತ್ತಾರೆ. ಸದ್ದಿನ ವಿಷಯದಲ್ಲೂ ಕ್ರಮ ಇದೇ. ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು.

ಒಂದು, ಸದ್ದು ಯಾವಾಗ ಬರುತ್ತದೆ? ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೋ, ಹತ್ತು ಕಿಲೋಮೀಟರ್ ಓಡಿ ಬಿಸಿಯಾದ ಮೇಲೋ, ಹೊರೆ ಹೇರಿ ಏರು ಹತ್ತುವಾಗಲೋ?

ಎರಡು, ಅದು ಯಾವುದರ ಜೊತೆಗೆ ಏರಿಳಿಯುತ್ತದೆ? ಗಾಡಿ ನಿಂತಿದ್ದು, ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಕೊಟ್ಟಾಗ ಸದ್ದೂ ಏರಿದರೆ ದೋಷ ಎಂಜಿನ್ ಕಡೆಗಿದೆ. ನಿಂತಾಗ ಇಲ್ಲದೆ ಚಕ್ರ ಉರುಳಿದಾಗ ಮಾತ್ರ ಬಂದರೆ ದೋಷ ಚೈನ್, ಸ್ಪ್ರಾಕೆಟ್, ಚಕ್ರದ ಬೇರಿಂಗ್ ಅಥವಾ ಬ್ರೇಕಿನ ಕಡೆಗಿದೆ.

ಮೂರು, ಅದು ಯಾವುದರಿಂದ ನಿಲ್ಲುತ್ತದೆ? ಕ್ಲಚ್ ಲಿವರ್ ಹಿಡಿದಾಗ, ಗೇರ್ ಇಳಿಸಿದಾಗ, ಆಕ್ಸಿಲರೇಟರ್ ಬಿಟ್ಟಾಗ, ಇವುಗಳಲ್ಲಿ ಯಾವುದರಿಂದ ಸದ್ದು ಅಡಗುತ್ತದೆ ಎಂಬುದೇ ಅರ್ಧ ಉತ್ತರ.

ಈ ಮೂರನ್ನೂ ಹೇಳಬಲ್ಲ ಗಿರಾಕಿಗೆ ಮೇಸ್ತ್ರಿಯ ಸಮಯ ಉಳಿಯುತ್ತದೆ, ಗಿರಾಕಿಯ ಹಣವೂ ಉಳಿಯುತ್ತದೆ. ಸದ್ದಿನ ಸ್ಥಳ ಹಿಡಿಯಲು ಗ್ಯಾರೇಜುಗಳಲ್ಲಿ ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿನ ಹೊರಕವಚಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಬಳಿಯ ಮೂಳೆಗೆ ತಾಗಿಸಿ ಕೇಳುವ ಪದ್ಧತಿಯಿದೆ. ವೈದ್ಯರ ಸ್ಟೆತಾಸ್ಕೋಪಿನಂತೆ ಇದು ಕೆಲಸ ಮಾಡುತ್ತದೆ. ತಿರುಗುವ ಭಾಗಗಳಿಂದಲೂ ಬಿಸಿ ಸೈಲೆನ್ಸರಿನಿಂದಲೂ ಕೈ, ಬಟ್ಟೆ ದೂರವಿರಬೇಕು.

ಮೇಲ್ಭಾಗದ ಸದ್ದುಗಳು

ಫೋರ್ ಸ್ಟ್ರೋಕ್ ಎಂಜಿನ್ನಿನ ತಲೆಭಾಗದಿಂದ ಬರುವ ‘ಟಿಕ್ ಟಿಕ್’ ಸದ್ದು ಸಾಮಾನ್ಯವಾಗಿ ಟ್ಯಾಪೆಟ್ಟಿನದು. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು ತಿರುಗುತ್ತದೆ. ನಿಮಿಷಕ್ಕೆ 3,000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಪ್ರತಿ ವಾಲ್ವ್ ತೆರೆಯುವುದು 1,500 ಸಲ. ಆದ್ದರಿಂದಲೇ ಟ್ಯಾಪೆಟ್ ಸದ್ದು ಎಂಜಿನ್ನಿನ ಉಳಿದ ಸದ್ದಿಗಿಂತ ನಿಧಾನ ಲಯದಲ್ಲಿ, ಬಿಡಿಬಿಡಿಯಾಗಿ ಕೇಳಿಸುತ್ತದೆ. ತಯಾರಕರು ನಿಗದಿಪಡಿಸುವ ಅಂತರ ಮಿಲಿಮೀಟರಿನ ನೂರನೆಯ ಭಾಗಗಳ ಲೆಕ್ಕದ್ದು. ಎಂಜಿನ್ ಪೂರ್ಣ ತಣ್ಣಗಿರುವಾಗ ಫೀಲರ್ ಗೇಜ್ ಇಟ್ಟು ಅದನ್ನು ಹೊಂದಿಸಬೇಕು.

ಇಲ್ಲಿ ಮುಖ್ಯವಾದ ಒಂದು ಎಚ್ಚರಿಕೆಯಿದೆ. ತುಸು ಸದ್ದು ಮಾಡುವ ಟ್ಯಾಪೆಟ್ಟಿಗಿಂತ ಸದ್ದೇ ಮಾಡದಂತೆ ಬಿಗಿಮಾಡಿದ ಟ್ಯಾಪೆಟ್ ಅಪಾಯಕಾರಿ. ಅಂತರ ಇಲ್ಲದಿದ್ದರೆ ಎಂಜಿನ್ ಕಾದಾಗ ವಾಲ್ವ್ ತನ್ನ ಪೀಠದ ಮೇಲೆ ಪೂರ್ತಿ ಕೂರುವುದಿಲ್ಲ. ತನ್ನ ಶಾಖವನ್ನು ಪೀಠದ ಮೂಲಕ ಹೊರಹಾಕಬೇಕಾದ ವಾಲ್ವ್ ಹಾಗೆ ಮಾಡಲಾಗದೆ ಸುಡುತ್ತದೆ, ಕಂಪ್ರೆಷನ್ ಇಳಿಯುತ್ತದೆ. ‘ಸದ್ದು ಹೋಯ್ತು’ ಎಂಬ ಸಂತೋಷದ ಬೆಲೆ ಕೆಲವು ತಿಂಗಳ ನಂತರ ತಿಳಿಯುತ್ತದೆ.

ಟೈಮಿಂಗ್ ಚೈನಿನದು ಒಂದೇ ಏಟಿನ ಸದ್ದಲ್ಲ, ಸರಪಳಿ ಅಲುಗಿದಂತಹ ‘ಗಲಗಲ’ ಸದ್ದು. ಸಿಲಿಂಡರಿನ ಬದಿಯಲ್ಲಿ, ನಿಧಾನ ಓಟದಲ್ಲಿ ಮತ್ತು ಆಕ್ಸಿಲರೇಟರ್ ಬಿಟ್ಟಾಗ ಅದು ಹೆಚ್ಚು ಸ್ಪಷ್ಟ. ಟೆನ್ಷನರ್ ದುರ್ಬಲವಾಗಿರಬಹುದು, ಚೈನ್ ಸವೆದು ಉದ್ದವಾಗಿರಬಹುದು. ಇದನ್ನು ಬಹುಕಾಲ ಮುಂದೂಡಬಾರದು. ಚೈನ್ ಹಲ್ಲು ಜಾರಿದರೆ ವಾಲ್ವಿನ ಕಾಲಮಾನ ತಪ್ಪಿ ವಾಲ್ವ್ ಬಾಗುವ ಸಂಭವವಿದೆ.

ಬೆಳಿಗ್ಗೆ ತಣ್ಣಗಿರುವಾಗ ‘ಟೊಕ ಟೊಕ’ ಎಂದು, ಬಿಸಿಯಾದೊಡನೆ ಅಡಗುವ ಮಂದ ಸದ್ದು ಪಿಸ್ಟನ್ನಿನದು. ಪಿಸ್ಟನ್ ಮತ್ತು ಬೋರಿನ ನಡುವಿನ ಸವೆತದ ಗುರುತು ಇದು. ಎಂಜಿನ್ ಕಾದಾಗ ಪಿಸ್ಟನ್ ಹಿಗ್ಗಿ ಆ ಅಂತರ ತುಂಬಿಕೊಳ್ಳುತ್ತದೆ. ಹೊಗೆ ಇಲ್ಲದೆ, ಆಯಿಲ್ ಕಡಿಮೆಯಾಗದೆ ಇದೊಂದೇ ಲಕ್ಷಣವಿದ್ದರೆ ಕೂಡಲೇ ಬೋರ್ ಕೆಲಸ ಮಾಡಿಸಬೇಕಾಗಿಲ್ಲ. ಆದರೆ ಮುಂದೆ ಬರಲಿರುವ ಖರ್ಚಿಗೆ ಹಣ ಎತ್ತಿಡುವುದು ಲೇಸು.

ಎರಡು ತುಂಬಿದ ಕ್ಯಾನುಗಳೊಡನೆ ಟಾಪ್ ಗೇರಿನಲ್ಲಿಯೇ ಏರು ಹತ್ತಿಸುವಾಗ, ಅಥವಾ ತಾಳಬೆಟ್ಟದಿಂದ ಮಹದೇಶ್ವರ ಬೆಟ್ಟದ ತಿರುವುಗಳಲ್ಲಿ ಗೇರ್ ಇಳಿಸದೆ ಎಳೆಸುವಾಗ ಬರುವ ‘ಟಣಟಣ’ ಸದ್ದಿನ ಕಾರಣ ಬೇರೆ. ಸಿಲಿಂಡರಿನೊಳಗೆ ಇಂಧನ ಕ್ರಮ ತಪ್ಪಿ ಉರಿಯುವುದರಿಂದ ಅದು ಹುಟ್ಟುತ್ತದೆ. ಗೇರ್ ಇಳಿಸಿದೊಡನೆ ನಿಂತರೆ ದೋಷ ಗಾಡಿಯದಲ್ಲ, ಸವಾರಿಯದು. ಗೇರ್ ಇಳಿಸಿದರೂ ನಿಲ್ಲದಿದ್ದರೆ ಪಿಸ್ಟನ್ ತಲೆಯಲ್ಲಿ ಕಟ್ಟಿದ ಮಸಿ, ಕಲಬೆರಕೆ ಇಂಧನ ಅಥವಾ ಅತಿಯಾದ ಶಾಖವನ್ನು ಶಂಕಿಸಬೇಕು.

ಕೆಳಭಾಗದ ಸದ್ದು: ಕೂಡಲೇ ನಿಲ್ಲಿಸಿ

ಎಂಜಿನ್ನಿನ ತಳದಿಂದ ‘ದಡ್ ದಡ್’ ಎಂಬ ಆಳವಾದ, ಭಾರವಾದ ಏಟು ಕೇಳಿಸಿ, ಆಕ್ಸಿಲರೇಟರ್ ಕೊಟ್ಟಷ್ಟೂ ಬಲವಾದರೆ ಅದು ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗಿನದಾಗಿರಬಹುದು. ಕಾದ ಮೇಲೂ ಇದು ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಈ ಸದ್ದು ಬಂದ ಗಾಡಿಯನ್ನು ‘ಊರು ಮುಟ್ಟಿಸಿಬಿಡೋಣ’ ಎಂದು ಓಡಿಸಬಾರದು. ಎಂಜಿನ್ ದಿಢೀರನೆ ಬಿಗಿದರೆ ಹಿಂದಿನ ಚಕ್ರವೂ ಹಿಡಿದುಕೊಳ್ಳುತ್ತದೆ. ಹೊರೆ ಹೊತ್ತ ಬೈಕಿನಲ್ಲಿ ಇದು ಹಣದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ಗಾಡಿಯನ್ನು ಆಟೋದಲ್ಲಿ ಹೇರಿಸಿ ಸಾಗಿಸುವ ಬಾಡಿಗೆ ಇಲ್ಲಿ ಎಂದಿಗೂ ದುಬಾರಿಯಲ್ಲ.

ಇದರ ಮೂಲ ಬಹುತೇಕ ಒಂದೇ: ಆಯಿಲ್ ಕೊರತೆ. ನೂರು ಸಿಸಿ ವರ್ಗದ ಬೈಕುಗಳಲ್ಲಿ ಎಂಜಿನ್ ಆಯಿಲ್ ಒಂದು ಲೀಟರಿನ ಆಸುಪಾಸು ಮಾತ್ರ. ಅದರಲ್ಲಿ 300 ಮಿಲಿಲೀಟರ್ ಸೋರಿದರೆ ಮೂರನೆಯ ಒಂದು ಭಾಗವೇ ಹೋದಂತೆ. ಕರಿಕಲ್ಲಿನ ಕ್ವಾರಿಗಳ ಕಡೆಯ ಧೂಳುದಾರಿಯಲ್ಲಿ ಓಡುವ ಬೈಕುಗಳ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಹರಿದ ಫಿಲ್ಟರಿನ ಮೂಲಕ ಒಳಸೇರುವ ಧೂಳು ಬೋರನ್ನು ಅರಗಾಗದದಂತೆ ಉಜ್ಜುತ್ತದೆ. ಇಂತಹ ದಾರಿಯ ಗಾಡಿಗೆ ಕೈಪಿಡಿ ಹೇಳುವುದಕ್ಕಿಂತ ಮೊದಲೇ ಆಯಿಲ್ ಮತ್ತು ಫಿಲ್ಟರ್ ನೋಡಿಸುವುದು ಉಚಿತ.

ಕ್ಲಚ್ಚಿನ ಮಾತು

ಕ್ಲಚ್ಚನ್ನು ಪರೀಕ್ಷಿಸಲು ಲಿವರೇ ಉಪಕರಣ. ಗಾಡಿ ನ್ಯೂಟ್ರಲ್‌ನಲ್ಲಿ ನಿಂತು ಓಡುತ್ತಿರುವಾಗ ಲಿವರ್ ಹಿಡಿದು ಬಿಟ್ಟು ನೋಡಬೇಕು. ಹಿಡಿದಾಗ ಮಾತ್ರ ‘ಕಿರ್’ ಎನ್ನುವ ಸದ್ದು ಹುಟ್ಟಿದರೆ ಕ್ಲಚ್ ಬಿಡಿಸುವ ಬೇರಿಂಗ್ ಅಥವಾ ಪುಶ್ ರಾಡ್ ಕಡೆ ದೋಷವಿದೆ. ಬಿಟ್ಟಾಗ ಇದ್ದು ಹಿಡಿದೊಡನೆ ನಿಲ್ಲುವ ಸದ್ದಾದರೆ ಗೇರ್ ಬಾಕ್ಸಿನ ಬೇರಿಂಗ್ ಅಥವಾ ಕ್ಲಚ್ ಬಟ್ಟಲಿನ ಸವೆತವನ್ನು ಶಂಕಿಸಬೇಕು. ಪ್ಲೇಟುಗಳ ಕಿವಿಗಳು ಬಡಿದು ಬಡಿದು ಬಟ್ಟಲಿನ ಬೆರಳುಗಳಲ್ಲಿ ಗಾಡಿ ಬೀಳುತ್ತವೆ. ಆಗ ಪ್ಲೇಟು ಮಾತ್ರ ಬದಲಿಸಿದರೆ ಸದ್ದು ಮರಳಿ ಬರುತ್ತದೆ.

ಬೆಳಿಗ್ಗೆ ಮೊದಲ ಸಲ ಗೇರ್ ಹಾಕಿದಾಗ ‘ಖಟ್’ ಎನ್ನುವುದು ಹೆಚ್ಚಾಗಿ ಸಹಜ. ರಾತ್ರಿಯಿಡೀ ತಣ್ಣಗಿದ್ದ ಆಯಿಲಿನಲ್ಲಿ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ದಿನವಿಡೀ ಹೀಗಾಗುತ್ತಿದ್ದು, ನ್ಯೂಟ್ರಲ್ ಸಿಗುವುದೂ ಕಷ್ಟವಾದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲವೆಂದರ್ಥ.

ಸದ್ದಿಲ್ಲದ ದೋಷವೂ ಒಂದಿದೆ: ಕ್ಲಚ್ ಜಾರುವುದು. ಎಂಜಿನ್ ಕೂಗುತ್ತದೆ, ಗಾಡಿ ಓಡುವುದಿಲ್ಲ, ಸುಟ್ಟ ವಾಸನೆ ಬರುತ್ತದೆ, ಮೈಲೇಜ್ ಇಳಿಯುತ್ತದೆ. ಪ್ಲೇಟ್ ಹೋಗಿದೆ ಎಂಬ ತೀರ್ಮಾನಕ್ಕೆ ಬರುವ ಮುನ್ನ ಎರಡು ಸಂಗತಿ ನೋಡಬೇಕು. ಮೊದಲನೆಯದು ಕೇಬಲ್ಲಿನ ಸಡಿಲ. ಲಿವರಿನ ತುದಿಯಲ್ಲಿ ಸಾಮಾನ್ಯವಾಗಿ 10ರಿಂದ 20 ಮಿಲಿಮೀಟರ್ ಬಿಡುವು ಇರಬೇಕು. ಬಿಡುವೇ ಇಲ್ಲದಂತೆ ಬಿಗಿಯಾಗಿದ್ದರೆ ಸವಾರ ಅರ್ಧ ಕ್ಲಚ್ ಹಿಡಿದೇ ಓಡಿಸಿದಂತೆ. ಅಡ್ಜಸ್ಟರನ್ನು ನಾಲ್ಕು ಸುತ್ತು ತಿರುಗಿಸಿದರೆ ಮುಗಿಯುವ ಕೆಲಸ ಅದು. ಎರಡನೆಯದು ಆಯಿಲ್. ಬಹುತೇಕ ಬೈಕುಗಳ ಕ್ಲಚ್ಚು ಎಂಜಿನ್ ಆಯಿಲಿನಲ್ಲಿಯೇ ಮುಳುಗಿರುತ್ತದೆ; ಕಾರಿನದು ಹಾಗಲ್ಲ. ಜಾರುವಿಕೆ ಹೆಚ್ಚಿಸುವ ದ್ರವ್ಯ ಬೆರೆಸಿದ ಕಾರಿನ ಆಯಿಲನ್ನು ಬೈಕಿಗೆ ಹಾಕಿದರೆ ಪ್ಲೇಟುಗಳ ಹಿಡಿತ ತಪ್ಪಬಹುದು. ಈ ಕಾರಣಕ್ಕಾಗಿಯೇ ಜಪಾನಿನ ವಾಹನೋದ್ಯಮವು ಬೈಕಿನ ಆಯಿಲಿಗೆ ಜಾಸೋ ಎಂಬ ಪ್ರತ್ಯೇಕ ಮಾನಕವನ್ನು ರೂಪಿಸಿತು. ಡಬ್ಬಿಯ ಮೇಲೆ ‘ಜಾಸೋ ಎಂಎ’ ಅಥವಾ ‘ಎಂಎ2’ ಎಂದಿದೆಯೇ ಎಂದು ನೋಡಿ ಕೊಳ್ಳುವುದು ಒಳಿತು.

ಎಂಜಿನ್ನಿನದಲ್ಲದ ಸದ್ದು

ಎಂಜಿನ್ನಿನ ಮೇಲೆ ಬರುವ ಅಪವಾದಗಳಲ್ಲಿ ಅನೇಕವು ಅದರವಲ್ಲ. ಸೈಲೆನ್ಸರ್ ಪೈಪು ಸಿಲಿಂಡರಿಗೆ ಕೂಡುವಲ್ಲಿ ಪ್ಯಾಕಿಂಗ್ ಹೋಗಿದ್ದರೆ ‘ಚಟ್ ಚಟ್’ ಎಂದು ಟ್ಯಾಪೆಟ್ಟಿನಂತೆಯೇ ಕೇಳಿಸುತ್ತದೆ. ಕೂಡುಭಾಗದಲ್ಲಿ ಕಪ್ಪು ಮಸಿಯ ಗೆರೆ ಕಂಡರೆ ಅದೇ ಸಾಕ್ಷಿ. ತಣ್ಣನೆಯ ಎಂಜಿನ್ ಚಾಲೂ ಮಾಡಿದ ಕೂಡಲೇ ಅಲ್ಲಿ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಒಣಗಿದ ಚೈನು, ಸಡಿಲವಾದ ಎಂಜಿನ್ ಬೋಲ್ಟು, ಸೈಡ್ ಸ್ಟ್ಯಾಂಡಿನ ಸ್ಪ್ರಿಂಗು, ಕ್ಯಾನು ತೂಗುಹಾಕುವ ಕಬ್ಬಿಣದ ಕೊಕ್ಕೆ, ಇವೆಲ್ಲವೂ ಎಂಜಿನ್ನಿನ ಹೆಸರಿನಲ್ಲಿ ಸದ್ದು ಮಾಡಬಲ್ಲವು. ಕಂಪನಿಯ ಸೈಲೆನ್ಸರ್ ತೆಗೆದು ಅಬ್ಬರದ ಸೈಲೆನ್ಸರ್ ಹಾಕಿಸಿದ ಗಾಡಿಯಲ್ಲಂತೂ ಯಾವ ಸೂಚನೆಯೂ ಕಿವಿಗೆ ಬೀಳದು, ದಂಡ ಬೇರೆ.

ತಪ್ಪು ನಿದಾನದ ಸರಣಿಯನ್ನು ಇಲ್ಲಿಯೇ ಗಮನಿಸಬಹುದು. ಹಾಲು ಸಾಗಿಸುವ ಒಬ್ಬರ ಬೈಕಿನಲ್ಲಿ ಪ್ಯಾಕಿಂಗ್ ಸೋರಿ ‘ಚಟ್ ಚಟ್’ ಸದ್ದು ಬಂದಿತೆನ್ನೋಣ. ಅದನ್ನು ಟ್ಯಾಪೆಟ್ ಎಂದು ತಿಳಿದು ಬಿಗಿಮಾಡಲಾಗುತ್ತದೆ. ಸದ್ದು ನಿಲ್ಲದಿದ್ದಾಗ ಇನ್ನೂ ಬಿಗಿಮಾಡಲಾಗುತ್ತದೆ. ವಾಲ್ವ್ ಸುಟ್ಟು ಎಳೆತ ಕುಗ್ಗಿದಾಗ ‘ಹಾಫ್ ಎಂಜಿನ್’ ಕೆಲಸ ಬೀಳುತ್ತದೆ. ಒಂದು ಪ್ಯಾಕಿಂಗಿನಿಂದ ಮುಗಿಯಬೇಕಾಗಿದ್ದ ಕೆಲಸ ಸಿಲಿಂಡರ್ ಹೆಡ್ ಬಿಚ್ಚುವಲ್ಲಿಗೆ ಬಂದು ನಿಲ್ಲುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿಯುವುದೆಂದರೆ ಇದೇ.

ಲೆಕ್ಕದ ಮಾತು

ದುರಸ್ತಿಯ ನಿಜವಾದ ವೆಚ್ಚ ಗ್ಯಾರೇಜಿನ ಬಿಲ್ಲಿನಲ್ಲಿ ಪೂರ್ತಿ ಕಾಣುವುದಿಲ್ಲ. ಶೇಕಡಾ 8ರ ನಿವ್ವಳ ಲಾಭದಲ್ಲಿ ವ್ಯಾಪಾರ ಮಾಡುವವರಿಗೆ 6,000 ರೂಪಾಯಿಯ ದುರಸ್ತಿ ಬಿದ್ದರೆ, ಅದನ್ನು ತುಂಬಿಕೊಳ್ಳಲು 75,000 ರೂಪಾಯಿಯ ವಹಿವಾಟು ಬೇಕು. ಗಾಡಿ ನಾಲ್ಕು ದಿನ ನಿಂತು ದಿನಕ್ಕೆ 500 ರೂಪಾಯಿ ಸಂಪಾದನೆ ತಪ್ಪಿದರೆ 2,000 ರೂಪಾಯಿ ಬೇರೆ. ಹಾಲು, ತರಕಾರಿ, ರೇಷ್ಮೆಗೂಡು ಗಾಡಿ ರಿಪೇರಿಯಾಗುವವರೆಗೆ ಕಾಯುವ ಸರಕುಗಳಲ್ಲ ಎಂಬುದನ್ನೂ ನೆನೆಯಬೇಕು.

ಆದಾಯ ತೆರಿಗೆಯ ದೃಷ್ಟಿಯಿಂದಲೂ ವಿಷಯ ಗಮನಾರ್ಹ. ಕ್ರಮಬದ್ಧವಾಗಿ ಲೆಕ್ಕಪುಸ್ತಕವಿಡುವವರು ವ್ಯಾಪಾರಕ್ಕೆ ಬಳಸುವ ವಾಹನದ ಚಾಲ್ತಿ ದುರಸ್ತಿಯನ್ನು ವೆಚ್ಚವಾಗಿ ತೋರಿಸಬಹುದು. ಸ್ವಂತ ಬಳಕೆಯ ಪಾಲನ್ನು ಬಿಡಬೇಕು. ಆದರೆ ವಹಿವಾಟಿನ ಇಂತಿಷ್ಟು ಶೇಕಡಾವನ್ನು ಲಾಭವೆಂದು ಘೋಷಿಸುವ ಅಂದಾಜು ಯೋಜನೆಯನ್ನು ಆರಿಸಿಕೊಂಡ ಸಣ್ಣ ವರ್ತಕರಿಗೆ ದುರಸ್ತಿಗೆಂದು ಪ್ರತ್ಯೇಕ ಕಡಿತವಿಲ್ಲ. ಅವರ ಮಟ್ಟಿಗೆ ತಪ್ಪು ರಿಪೇರಿಯ ಪ್ರತಿ ರೂಪಾಯಿಯೂ ನೇರ ಕೈಯಿಂದಲೇ ಹೋಗುವುದು.

ಆದ್ದರಿಂದ ವರ್ತಕ ಬಾಂಧವರು ಕೆಲವು ರೂಢಿಗಳನ್ನು ಬೆಳೆಸಿಕೊಳ್ಳುವುದು ಸೂಕ್ತ. ವಾರಕ್ಕೊಮ್ಮೆ, ಹೊರೆ ಹೇರುವ ಮೊದಲು, ಹೆಲ್ಮೆಟ್ ಹಾಕಿಕೊಳ್ಳುವ ಮೊದಲು, ಒಂದು ನಿಮಿಷ ಗಾಡಿಯ ಪಕ್ಕದಲ್ಲಿ ನಿಂತು ಕೇಳಬೇಕು. ಚೆನ್ನಾಗಿರುವಾಗಿನ ಸದ್ದು ಪರಿಚಯವಿದ್ದರೆ ಮಾತ್ರ ಕೆಟ್ಟಾಗಿನದು ತಿಳಿಯುತ್ತದೆ. ಸಮತಟ್ಟಾದ ಜಾಗದಲ್ಲಿ, ಕೈಪಿಡಿಯಲ್ಲಿರುವಂತೆ, ಆಯಿಲ್ ಮಟ್ಟ ನೋಡಬೇಕು. ಆಯಿಲ್ ಬದಲಿಸಿದ ದಿನಾಂಕ ಹಾಗೂ ಕಿಲೋಮೀಟರನ್ನು ಸಣ್ಣ ಪುಸ್ತಕದಲ್ಲಿ ಬರೆದಿಡಬೇಕು. ಎಂಜಿನ್ ಬಿಚ್ಚುವ ಮುನ್ನ ಅಂದಾಜು ವೆಚ್ಚವನ್ನು ಬರೆಸಿಕೊಳ್ಳಬೇಕು. ಕೆಲಸ ಮುಗಿದ ಮೇಲೆ ಬಿಲ್ಲನ್ನೂ ಬದಲಿಸಿದ ಹಳೆಯ ಭಾಗಗಳನ್ನೂ ಕೇಳಿ ಪಡೆಯಬೇಕು. ವಾರಂಟಿ ಅವಧಿಯಲ್ಲಿರುವ ಗಾಡಿಯಾದರೆ ಹೊರಗೆ ಬಿಚ್ಚಿಸುವ ಮೊದಲು ಅದರ ಷರತ್ತುಗಳನ್ನು ಓದಬೇಕು.

ಇದರಲ್ಲಿ ಮೇಸ್ತ್ರಿಗಳ ಮೇಲೆ ಅವಿಶ್ವಾಸದ ಮಾತಿಲ್ಲ. ಒಳ್ಳೆಯ ಮೇಸ್ತ್ರಿ ಮೊದಲು ಕೇಳುತ್ತಾನೆ, ಅನಂತರ ಸ್ಪ್ಯಾನರ್ ಹಿಡಿಯುತ್ತಾನೆ. ಅಗ್ಗದ ಕಾರಣಗಳನ್ನು ಮೊದಲು ಪರೀಕ್ಷಿಸಿ, ದುಬಾರಿ ಕಾರಣಕ್ಕೆ ಕೊನೆಯಲ್ಲಿ ಬರುತ್ತಾನೆ. ಅಂತಹವನಿಗೆ ಸದ್ದು ಹುಡುಕಿದ ಸಮಯಕ್ಕೂ ಕೂಲಿ ಸಲ್ಲಬೇಕು. ಭಾಗ ಬದಲಿಸಿದರೆ ಮಾತ್ರ ಹಣ ಕೊಡುವ ಗಿರಾಕಿ ತನಗರಿವಿಲ್ಲದೆಯೇ ಭಾಗ ಬದಲಿಸುವುದನ್ನು ಪ್ರೋತ್ಸಾಹಿಸುತ್ತಾನೆ. ನಿದಾನಕ್ಕೆ ಕೊಟ್ಟ ನೂರು ರೂಪಾಯಿ ವೆಚ್ಚದಂತೆ ಕಂಡರೂ ಫಲದಲ್ಲಿ ಅದು ಉಳಿತಾಯವೇ.